ಟಿಕೆಟ್ ಅಗ್ಗ, ಮೂಟೆ ದುಬಾರಿ!

ಹಿಂದೂಪುರ: ಮಗನಿಗೆ ಹುಣಸೆಹಣ್ಣು, ಸೊಸೆಗೆ ಕಡಲೆಕಾಯಿ ಚಟ್ನಿಪುಡಿ, ಮೊಮ್ಮಗುವಿಗೆ ರಾಗಿಹಿಟ್ಟು, ಜತೆಗೆ ನಾಲ್ಕು ಅಚ್ಚು ಬೆಲ್ಲ. ಗಡಿಭಾಗದ ಊರುಗಳಿಂದ ದೂರದ ಮಕ್ಕಳ ಮನೆಗೆ ಹೊರಟ ತಂದೆ-ತಾಯಿಯ ಚೀಲದಲ್ಲಿ ಇಷ್ಟಾದರೂ ಇರಲೇಬೇಕು. ಬಸ್ಸಿಗೆ ಹಾಕಿದರೆ ಕೇಳುವವರಿಲ್ಲ. ರೈಲಾದರೆ ಸೀಟಿನ ಕೆಳಗೆ ತಳ್ಳಿದರಾಯಿತು. ಅದೇ ಚೀಲ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ತಕ್ಕಡಿ ಏರಿತೆಂದರೆ ಮಾತ್ರ ಎದೆ ಢವಢವ!

ಲೆಕ್ಕ ನೋಡಿ. ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಒಬ್ಬ ಪ್ರಯಾಣಿಕ 30 ಕೆ.ಜಿ. ಲಗೇಜನ್ನು ಉಚಿತವಾಗಿ ಒಯ್ಯಬಹುದು. ರೈಲಿನ ಸ್ಲೀಪರ್ ಬೋಗಿಯಲ್ಲಿ 40 ಕೆ.ಜಿ., ಸಾಮಾನ್ಯ ದರ್ಜೆಯಲ್ಲೂ 35 ಕೆ.ಜಿ. ದೇಶದೊಳಗೆ ಹಾರುವ ವಿಮಾನದ ಸಾಧಾರಣ ಟಿಕೆಟ್‌ಗೆ ಸಿಗುವುದು 15 ಕೆ.ಜಿ. ಚೆಕ್-ಇನ್ ಲಗೇಜು, ಕೈಯಲ್ಲಿ 7 ಕೆ.ಜಿ.ಯ ಒಂದು ಚೀಲ, ಅಷ್ಟೇ. ಖಾಲಿ ಸೂಟ್‌ಕೇಸೇ ಮೂರು ನಾಲ್ಕು ಕೆ.ಜಿ. ತಿಂದರೆ ಉಳಿದದ್ದರಲ್ಲಿ ಬಟ್ಟೆ ಎಷ್ಟು, ಬೆಲ್ಲ ಎಷ್ಟು?

ಮಿತಿ ದಾಟಿದ ಪ್ರತಿ ಕೆ.ಜಿ.ಗೂ ಕೌಂಟರಿನಲ್ಲಿ ಈಗ 500 ರೂಪಾಯಿಗೂ ಮೇಲೆಯೇ ತೆರಬೇಕು. 21 ಕೆ.ಜಿ. ತೂಗಿದರೆ ಹೆಚ್ಚುವರಿ ಆರು ಕೆ.ಜಿ.ಗೆ ಮೂರು ಸಾವಿರ ದಾಟಿತು. ಹಿಂದೂಪುರದ ಮಂಡಿಯಲ್ಲಿ ಕೊಂಡ ಬೆಲ್ಲದ ಬೆಲೆಗಿಂತ ಅದನ್ನು ಹೊರಿಸುವ ಬೆಲೆಯೇ ಎಷ್ಟೋ ಪಟ್ಟು ಹೆಚ್ಚು. ಆಗ ಕೌಂಟರಿನ ಪಕ್ಕದಲ್ಲೇ ಸೂಟ್‌ಕೇಸ್ ಬಿಚ್ಚಿ, ಸೀರೆಗಳನ್ನು ಕೈಚೀಲಕ್ಕೆ ತುರುಕಿ, ಹಪ್ಪಳದ ಕಟ್ಟನ್ನು ಬಿಡಲು ಬಂದವರ ಕೈಗೇ ವಾಪಸು ಕೊಟ್ಟು ಕಳಿಸುವ ನೋಟ ಅಲ್ಲಿ ಹೊಸದೇನಲ್ಲ. ‘ಎರಡು ಕೆ.ಜಿ. ತಾನೇ ಸಾರ್, ಬಿಡ್ರೀ’ ಎಂಬ ಮಾತು ಕಂಡಕ್ಟರ್ ಹತ್ತಿರ ನಡೆದೀತು, ಕಂಪ್ಯೂಟರ್ ಹತ್ತಿರ ನಡೆಯುವುದಿಲ್ಲ.

ನಗರ ದೂರ, ವಿಮಾನ ಹತ್ತಿರ

ಈ ಭಾಗದವರಿಗೆ ವಿಮಾನ ದೊಡ್ಡವರ ಸೊತ್ತಾಗಿ ಉಳಿದು ಬಹಳ ಕಾಲವಾಗಿಲ್ಲ. ಪುಟ್ಟಪರ್ತಿಯಲ್ಲಿ 1990ರಿಂದಲೇ ವಿಮಾನ ನಿಲ್ದಾಣ ಇದೆ ನಿಜ. ಆದರೆ ಅದು ಸತ್ಯಸಾಯಿ ಟ್ರಸ್ಟಿನದು, ಗಣ್ಯರ ವಿಶೇಷ ವಿಮಾನಗಳಿಗೇ ಮೀಸಲಾದಂತೆ ಇದೆ. ಟಿಕೆಟ್ ಕೊಂಡು ಹತ್ತುವ ಜನಸಾಮಾನ್ಯರಿಗೆ ಅದರಿಂದ ಉಪಯೋಗ ಅಷ್ಟಕ್ಕಷ್ಟೆ. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣ ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಬಂದದ್ದೇ ಗಡಿ ಜನರಿಗೆ ವರವಾಯಿತು. ಬೆಂಗಳೂರಿನ ದಕ್ಷಿಣ ಬಡಾವಣೆಯವರು ಟ್ರಾಫಿಕ್ಕಿನಲ್ಲಿ ಒದ್ದಾಡುವ ಹೊತ್ತಿಗೆ ಹಿಂದೂಪುರದವರು ಗೌರಿಬಿದನೂರು, ದೊಡ್ಡಬಳ್ಳಾಪುರದ ದಾರಿ ಹಿಡಿದು, ನಗರದೊಳಗೆ ಕಾಲಿಡದೆಯೇ ನಿಲ್ದಾಣ ಮುಟ್ಟುತ್ತಾರೆ. ಕಲ್ಯಾಣದುರ್ಗದ ಕಡೆಯವರು ಪಾವಗಡದ ಮೇಲೋ, ಪೆನುಕೊಂಡದ ಹೆದ್ದಾರಿಯಲ್ಲೋ ಬಂದು ಸೇರುತ್ತಾರೆ.

ಮಡಕಶಿರಾ, ರೊಳ್ಳ, ಅಗಳಿ, ಅಮರಾಪುರ, ಅತ್ತ ರಾಯದುರ್ಗದ ಸೀಮೆಯ ಕನ್ನಡ ಮನೆಗಳ ಮಕ್ಕಳು ಓದಿ ಪುಣೆ, ದೆಹಲಿ, ಅಮೆರಿಕ ಎಂದು ಹರಡಿದ್ದಾರೆ. ಕದಿರಿ ಕಡೆಯಿಂದ ಕುವೈತ್‌ಗೆ ಕೆಲಸಕ್ಕೆ ಹೋದವರ ಮನೆಗಳಂತೂ ಲೆಕ್ಕವಿಲ್ಲದಷ್ಟು. ವರ್ಷಕ್ಕೊಮ್ಮೆ, ಎರಡು ವರ್ಷಕ್ಕೊಮ್ಮೆ ಹಾರುವ ಮಂದಿ ಇವರು. ವಾರಕ್ಕೆರಡು ಸಲ ಬ್ರೀಫ್‌ಕೇಸ್ ಹಿಡಿದು ಹೋಗಿಬರುವ ಅಧಿಕಾರಿಗೆ ಲಗೇಜಿನ ಶುಲ್ಕ ತಾಗುವುದೇ ಇಲ್ಲ. ಅಪರೂಪಕ್ಕೆ ಹೋಗುವವರೇ ತುಂಬಿಕೊಂಡು ಹೋಗುವವರು. ಹಾಗಾಗಿ ಈ ಶುಲ್ಕದ ಬರೆ ಬೀಳುವುದು ಇಂಥವರ ಬೆನ್ನಿಗೇ.

ಗೊರೂರಿನವರು ತಂದ ಪದ್ಧತಿ

ಊಟ ಬೇರೆ, ಸೀಟು ಬೇರೆ, ಟಿಕೆಟ್ ಬೇರೆ ಎಂಬ ಪದ್ಧತಿ ಭಾರತಕ್ಕೆ ಬಂದದ್ದು ಕನ್ನಡಿಗರೊಬ್ಬರ ಕೈಯಿಂದಲೇ. ಹಾಸನ ಜಿಲ್ಲೆ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಆರಂಭಿಸಿ ಬೆಂಗಳೂರು-ಹುಬ್ಬಳ್ಳಿ ನಡುವೆ ವಿಮಾನ ಹಾರಿಸಿದರು. ಅವರ ಬದುಕಿನ ಎಳೆ ಹಿಡಿದು 2020ರಲ್ಲಿ ತಮಿಳಿನ ‘ಸೂರರೈ ಪೋಟ್ರು’ ಸಿನಿಮಾ ಬಂತು. ತೆಲುಗು, ಕನ್ನಡ ಡಬ್ಬಿಂಗ್‌ನಲ್ಲಿ ಗಡಿಭಾಗದವರೂ ನೋಡಿದ್ದಾರೆ.

ಏರ್ ಡೆಕ್ಕನ್‌ನ ಸೂತ್ರ ಸರಳ. ಪುಕ್ಕಟೆ ಊಟ ಇಲ್ಲ, ಬೇಕಾದವರು ತಿಂಡಿ, ಪಾನೀಯ ಕೊಂಡು ತಿನ್ನಲಿ. ಸೀಟಿಗೆ ನಂಬರ್ ಇಲ್ಲ, ಮೊದಲು ಹತ್ತಿದವರಿಗೆ ಕಿಟಕಿ. (ಟವಲ್ ಹಾಕಿ ಸೀಟು ಹಿಡಿಯುವ ವಿದ್ಯೆ ಬಲ್ಲ ನಮ್ಮ ಬಸ್ ಪ್ರಯಾಣಿಕರಿಗೆ ಇದೇನು ಕಷ್ಟವೇ?) ಅದರ ಬದಲಿಗೆ ಟಿಕೆಟ್ ದರ ಇಳಿಯಿತು, ಒಂದು ರೂಪಾಯಿಯ ಟಿಕೆಟ್ ಕೂಡ ಬಂತು. ಕೊಟ್ಟದ್ದು ಕಡಿಮೆ, ಕಿತ್ತುಕೊಂಡದ್ದೂ ಕಡಿಮೆ. ಆ ವ್ಯವಹಾರದಲ್ಲಿ ಒಂದು ನ್ಯಾಯ ಇತ್ತು.

ಏರ್ ಡೆಕ್ಕನ್ 2007ರಲ್ಲಿ ಕಿಂಗ್‌ಫಿಷರ್ ಕೈ ಸೇರಿ, 2008ರಲ್ಲಿ ಹೆಸರನ್ನೂ ಕಳೆದುಕೊಂಡಿತು. 2012ರಲ್ಲಿ ಕಿಂಗ್‌ಫಿಷರ್ ಕೂಡ ನೆಲ ಕಚ್ಚಿತು. ಆದರೆ ಸೂತ್ರ ಉಳಿಯಿತು. 2005ರಲ್ಲಿ ಸ್ಪೈಸ್‌ಜೆಟ್, 2006ರಲ್ಲಿ ಇಂಡಿಗೊ ಅದೇ ಹಾದಿಯಲ್ಲಿ ಬಂದವು. ಬಂದ ಮೇಲೆ ಒಂದೊಂದೇ ಸೌಲಭ್ಯಕ್ಕೆ ಬೆಲೆ ಚೀಟಿ ಅಂಟುತ್ತ ಹೋಯಿತು.

20 ಹೋಗಿ 15 ಬಂತು

2013ರಲ್ಲಿ ಕೇಂದ್ರ ಸರ್ಕಾರ ಕೆಲವು ಸೇವೆಗಳಿಗೆ ಪ್ರತ್ಯೇಕ ಶುಲ್ಕ ಪಡೆಯಲು ವಿಮಾನಯಾನ ಸಂಸ್ಥೆಗಳಿಗೆ ಅಧಿಕೃತವಾಗಿ ಅನುಮತಿ ನೀಡಿತು. ಬೇಕಾದ ಸೀಟು ಆರಿಸುವುದು, ಊಟ-ತಿಂಡಿ-ಪಾನೀಯ, ಚೆಕ್-ಇನ್ ಲಗೇಜು, ಆಟದ ಸಾಮಾನು, ಸಂಗೀತ ವಾದ್ಯ, ಎಲ್ಲವೂ ಆ ಪಟ್ಟಿಯಲ್ಲಿದ್ದವು. ಒಂದನ್ನು ಮಾತ್ರ ಹೊರಗಿಟ್ಟರು: ಕುಡಿಯುವ ನೀರು. ಅಲ್ಲಿಯವರೆಗೆ 20 ಕೆ.ಜಿ. ಇದ್ದ ಉಚಿತ ಲಗೇಜನ್ನು ಖಾಸಗಿ ಕಂಪನಿಗಳು 15ಕ್ಕೆ ಇಳಿಸಿದ್ದೂ ಅದೇ ವರ್ಷ.

ಐದು ಕೆ.ಜಿ. ಕಡಿತ ಎಂದರೆ ಕೇಳಲು ಸಣ್ಣದು. ಆದರೆ ಜನ ತುಂಬಿಕೊಂಡು ಹೋಗುತ್ತಿದ್ದುದು ಆ ಐದು ಕೆ.ಜಿ.ಯನ್ನೇ. ದೂರುಗಳು ಹೆಚ್ಚಿದ ಮೇಲೆ 2016ರ ಜೂನ್‌ನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಮಧ್ಯೆ ಬಂದು, 15ರಿಂದ 20 ಕೆ.ಜಿ.ವರೆಗಿನ ಲಗೇಜಿಗೆ ಕೆ.ಜಿ.ಗೆ 100 ರೂ.ಗಿಂತ ಹೆಚ್ಚು ಕೇಳಬಾರದೆಂದು ಆದೇಶಿಸಿತು. ಆಗ ಕಂಪನಿಗಳು ಕೇಳುತ್ತಿದ್ದುದು 300 ರೂ. ಆಸುಪಾಸು. ಕಂಪನಿಗಳು ಸುಮ್ಮನಿರಲಿಲ್ಲ, ದೆಹಲಿ ಹೈಕೋರ್ಟ್ ಮೆಟ್ಟಿಲೇರಿದವು. ದರ ನಿಗದಿ ಮಾಡುವುದು ಡಿಜಿಸಿಎ ಅಧಿಕಾರಕ್ಕೆ ಬರುವುದಿಲ್ಲ ಎಂದು ಕೋರ್ಟು 2017ರ ಆಗಸ್ಟ್‌ನಲ್ಲಿ ಆದೇಶವನ್ನು ರದ್ದು ಮಾಡಿತು. ನೂರು ರೂಪಾಯಿಯ ಸುಖ ಒಂದು ವರ್ಷದ ಮಾತಾಯಿತು. ಅಂದಿನಿಂದ ದರ ಏರಿದ್ದೇ ಏರಿದ್ದು.

ಹೆಚ್ಚು ಲಗೇಜು ಇದ್ದವರಿಗೆ ಏರ್ ಇಂಡಿಯಾ ಒಂದು ಆಸರೆಯಾಗಿತ್ತು. ಅದು 2022ರ ಜನವರಿಯಲ್ಲಿ ಟಾಟಾ ತೆಕ್ಕೆಗೆ ಹೋಯಿತು. 2024ರ ಮೇ ತಿಂಗಳಿಂದ ಅದರ ಅಗ್ಗದ ಟಿಕೆಟ್‌ಗಳಿಗೂ 15 ಕೆ.ಜಿ.ಯೇ ಗತಿಯಾಯಿತು.

ಅಗ್ಗದ ಟಿಕೆಟ್‌ನ ಬಲೆ

2021ರ ಫೆಬ್ರುವರಿಯಲ್ಲಿ ಇನ್ನೊಂದು ಬಾಗಿಲು ತೆರೆಯಿತು. ಚೆಕ್-ಇನ್ ಲಗೇಜೇ ಇಲ್ಲದವರಿಗೆ ರಿಯಾಯಿತಿ ದರದ ಟಿಕೆಟ್ ಮಾರಲು ಡಿಜಿಸಿಎ ಒಪ್ಪಿತು. ಲಗೇಜು ತಂದರೆ ಎಷ್ಟು ಕಟ್ಟಬೇಕೆಂಬುದನ್ನು ಬುಕಿಂಗ್ ವೇಳೆಯೇ ತೋರಿಸಬೇಕು, ಟಿಕೆಟ್ ಮೇಲೂ ಮುದ್ರಿಸಬೇಕು ಎಂಬ ಷರತ್ತು ಹಾಕಿತು. 2024ರಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ‘ಎಕ್ಸ್‌ಪ್ರೆಸ್ ಲೈಟ್’ ಹೆಸರಿನಲ್ಲಿ ಇಂಥ ಟಿಕೆಟ್ ತಂದಿತು.

ಕೈಬೀಸಿ ಹೋಗುವವರಿಗೆ ಇದು ಲಾಭವೇ. ಎಡವಟ್ಟಾಗುವುದು ಟಿಕೆಟ್ ಮಾಡಿಸುವವರು ಒಬ್ಬರು, ಪ್ರಯಾಣ ಮಾಡುವವರು ಇನ್ನೊಬ್ಬರು ಆದಾಗ. ಪುಣೆಯಲ್ಲಿ ಕುಳಿತ ಮೊಮ್ಮಗ ಮೊಬೈಲಿನಲ್ಲಿ ಎಲ್ಲಕ್ಕಿಂತ ಕಡಿಮೆ ಕಂಡ ದರಕ್ಕೆ ಬೆರಳು ಒತ್ತುತ್ತಾನೆ. ಇತ್ತ ಕಲ್ಯಾಣದುರ್ಗದಲ್ಲಿ ಅಜ್ಜಿ ಮೂಟೆ ಕಟ್ಟುತ್ತಿರುತ್ತಾರೆ. ಟಿಕೆಟ್ ಮೇಲೆ ಷರತ್ತು ಮುದ್ರಿಸಿದ್ದರೂ ಅದು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ. ಕನ್ನಡ, ತೆಲುಗು ಎರಡನ್ನೂ ಸಲೀಸಾಗಿ ಓದುವ ಅಜ್ಜಿಗೆ ಅದು ಕಾಣುವುದು ಕೌಂಟರಿನಲ್ಲಿ, ಬಿಲ್ಲಿನ ರೂಪದಲ್ಲಿ.

ಶುಲ್ಕ ಇಡುವುದೇ ತಪ್ಪು ಎನ್ನಲಾಗದು. ಲಗೇಜು ಇಲ್ಲದವರು ಲಗೇಜು ಇದ್ದವರ ಖರ್ಚು ಏಕೆ ಹೊರಬೇಕು ಎಂಬ ಕಂಪನಿಗಳ ವಾದದಲ್ಲಿ ಹುರುಳಿದೆ. ತೂಕ ಹೆಚ್ಚಿದಷ್ಟೂ ವಿಮಾನ ಇಂಧನ ಕುಡಿಯುವುದೂ ನಿಜ. ಆದರೆ ಅದೇ ಹೆಚ್ಚುವರಿ ಐದು ಕೆ.ಜಿ.ಯನ್ನು ಮುಂಚಿತವಾಗಿ ಆನ್‌ಲೈನ್‌ನಲ್ಲಿ ಕೊಂಡರೆ ಒಂದು ದರ, ಕೌಂಟರಿನಲ್ಲಿ ಅದಕ್ಕಿಂತ ಹೆಚ್ಚಿನ ದರ. ಇಂಧನಕ್ಕೆ ಈ ವ್ಯತ್ಯಾಸ ಗೊತ್ತಿಲ್ಲ. ಹೆಚ್ಚುವರಿ ಕೊಡುವವರು ಯಾರೆಂದರೆ ನಿಯಮ ತಿಳಿಯದವರು ಮತ್ತು ಹಿಂದಕ್ಕೆ ಹೋಗಲು ದಾರಿಯಿಲ್ಲದವರು. ವಿಮಾನ ಹೊರಡಲು ಒಂದು ಗಂಟೆ ಇರುವಾಗ ಚೌಕಾಶಿ ಮಾಡುವವರು ಯಾರು?

ವಿದೇಶದಿಂದ ಬರುವವರ ಕಥೆ ಬೇರೆ. ಅಮೆರಿಕದಿಂದ ಭಾರತಕ್ಕೆ ಬರುವ ಸಾಮಾನ್ಯ ಟಿಕೆಟ್‌ನಲ್ಲಿ ತಲಾ 23 ಕೆ.ಜಿ.ಯ ಎರಡು ಪೆಟ್ಟಿಗೆ ಸಿಗುವುದು ರೂಢಿ. ದೆಹಲಿಯವರೆಗೆ ಒಂದು ಟಿಕೆಟ್, ಅಲ್ಲಿಂದ ಬೆಂಗಳೂರಿಗೆ ಬೇರೆಯೇ ಟಿಕೆಟ್ ಕೊಂಡರೆ ನಾಲ್ಕು ಕಾಸು ಉಳಿಯುತ್ತದೆ ಎಂದು ಹಾಗೆ ಮಾಡುವವರಿದ್ದಾರೆ. ದೆಹಲಿಯಲ್ಲಿ ಇಳಿದಾಗ ಕೈಯಲ್ಲಿ 46 ಕೆ.ಜಿ., ಮುಂದಿನ ಟಿಕೆಟ್‌ನಲ್ಲಿ ಅವಕಾಶ 15 ಕೆ.ಜಿ.! ಉಳಿದ 31 ಕೆ.ಜಿ.ಗೆ ಕೌಂಟರ್ ದರದಲ್ಲಿ ಗುಣಿಸಿದರೆ ಇನ್ನೊಂದು ಟಿಕೆಟ್‌ನ ಹಣವನ್ನೇ ಮೀರುತ್ತದೆ. ಊರಿನವರೆಗೆ ಒಂದೇ ಬುಕಿಂಗ್‌ನಲ್ಲಿ ಟಿಕೆಟ್ ಮಾಡಿಸಿದರೆ ಸಾಮಾನ್ಯವಾಗಿ ಅಂತರರಾಷ್ಟ್ರೀಯ ಲಗೇಜಿನ ಮಿತಿಯೇ ಕೊನೆಯವರೆಗೂ ನಡೆಯುತ್ತದೆ. ಈ ಒಂದು ಮಾತನ್ನು ಮಕ್ಕಳ ಕಿವಿಗೆ ಹಾಕಿಟ್ಟರೆ ಬಹಳ ಹಣ ಉಳಿದೀತು.

ಹಾಂ, ಒಣ ಕೊಬ್ಬರಿ. ಅದನ್ನು ಚೀಲದಲ್ಲಿ ಇಡುವ ಆಸೆ ಬೇಡ. ಎಣ್ಣೆಯಂಶ ಇರುವ ಕೊಬ್ಬರಿ ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಲ್ಲ ಸರಕಿನ ಪಟ್ಟಿಯಲ್ಲಿದೆ, ತಪಾಸಣೆಯಲ್ಲಿ ತೆಗೆಸುತ್ತಾರೆ. ಹಣ ಕಟ್ಟುತ್ತೇನೆಂದರೂ ಬಿಡುವುದಿಲ್ಲ.

ಮೋಡದ ಮೇಲೆ ಚಹಾ ಅಂಗಡಿ

ಇನ್ನು ಕುಡಿಯುವ ವಿಚಾರ. ಬಸ್ ಸ್ಟ್ಯಾಂಡಿನಲ್ಲಿ ಹತ್ತು ಹದಿನೈದು ರೂಪಾಯಿಗೆ ಸಿಗುವ ಚಹಾಕ್ಕೆ ವಿಮಾನದಲ್ಲಿ ನೂರರ ನೋಟು ಸಾಲದಾಗುತ್ತದೆ. ಬಿಸಿನೀರು, ಒಂದು ಪೊಟ್ಟಣ ಪುಡಿ, ಕಾಗದದ ಲೋಟ, ಮುಗಿಯಿತು. ಹೋಗಲಿ, ಚಹಾ ಇಲ್ಲದೆ ಒಂದೆರಡು ಗಂಟೆ ಕಳೆಯಬಹುದು. ನೀರು? ಕುಡಿಯುವ ನೀರನ್ನು ಶುಲ್ಕದ ಪಟ್ಟಿಯಿಂದ 2013ರಲ್ಲೇ ಹೊರಗಿಟ್ಟಿರುವುದರಿಂದ ಕೇಳಿದವರಿಗೆ ಒಂದು ಲೋಟ ನೀರನ್ನು ಉಚಿತವಾಗಿ ಕೊಡಬೇಕು. ಇದು ತಿಳಿಯದೆ ಬಾಟಲಿಗೆ ದುಡ್ಡು ಕೊಡಬೇಕೇನೋ ಎಂದು ಹೆದರಿ ಬಾಯಾರಿ ಕೂರುವ ಹಿರಿಯರಿದ್ದಾರೆ. ಕೇಳಿ, ಸಂಕೋಚ ಬೇಡ.

ದೇಶದೊಳಗಿನ ಪ್ರಯಾಣಕ್ಕೆ ಮನೆಯ ಚಪಾತಿ, ಪುಳಿಯೋಗರೆ ಒಯ್ಯಲು ಅಡ್ಡಿಯಿಲ್ಲ. ಎಣ್ಣೆ ಸುರಿಯುವ ಉಪ್ಪಿನಕಾಯಿಯನ್ನು ಮಾತ್ರ ಕೈಚೀಲದಲ್ಲಿ ಇಟ್ಟರೆ ತಕರಾರು ಬರುವುದುಂಟು.

ಚಹಾ ಮಾರುವುದರಿಂದ ಸೇವೆಯ ಮೇಲೆ ಆಗಿರುವ ಪರಿಣಾಮ ಪ್ರಯಾಣಿಕರ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ. ನಿಯಮದ ಪ್ರಕಾರ 50 ಸೀಟಿಗೆ ಒಬ್ಬರು ಸಿಬ್ಬಂದಿ ಇರಬೇಕು. 180 ಸೀಟಿನ ವಿಮಾನಕ್ಕೆ ನಾಲ್ವರು. ಬೆಂಗಳೂರು-ಹೈದರಾಬಾದಿನಂಥ ಒಂದು ಗಂಟೆಯ ಹಾರಾಟದಲ್ಲಿ ಏರುವ, ಇಳಿಯುವ ಹೊತ್ತು ಕಳೆದರೆ ಕೈಗೆ ಸಿಗುವುದು ಅರ್ಧ ಗಂಟೆ ಚಿಲ್ಲರೆ. ಅಷ್ಟರಲ್ಲೇ ಗಾಡಿ ತಳ್ಳಬೇಕು, ಆರ್ಡರ್ ಪಡೆಯಬೇಕು, ಕಾರ್ಡ್ ಉಜ್ಜಬೇಕು, ಕಸ ಎತ್ತಬೇಕು. ಹಿಂದಿನ ಸಾಲಿನ ಅಜ್ಜ ಕರೆಗುಂಡಿ ಒತ್ತಿದರೆ ಬರುವವರು ಯಾರು? ಗಗನಸಖಿಯರ ಮೊದಲ ಕೆಲಸ ಪ್ರಯಾಣಿಕರ ಸುರಕ್ಷತೆ. ಈಗ ಅವರನ್ನು ನೋಡಿದರೆ ರೈಲಿನ ಚಹಾದವರ ನೆನಪಾಗುತ್ತದೆ, ತಪ್ಪು ಅವರದಲ್ಲ.

ಲಗೇಜಿನ ಶುಲ್ಕದ ಫಲವೂ ಕ್ಯಾಬಿನ್ನಿನಲ್ಲೇ ಕಾಣುತ್ತದೆ. ಕೆಳಗೆ ಹಾಕಿದರೆ ದುಡ್ಡು ಎಂದು ಎಲ್ಲರೂ ಕೈಚೀಲವನ್ನೇ ಉಬ್ಬಿಸುತ್ತಾರೆ. ತಲೆಯ ಮೇಲಿನ ಗೂಡು ಮುಂಚೆ ಬಂದವರಿಗೇ ತುಂಬಿಹೋಗುತ್ತದೆ. ಕೊನೆಗೆ ಬಂದವರು ಚೀಲ ಎತ್ತಿ ಹಿಡಿದು ನಡುದಾರಿಯಲ್ಲಿ ನಿಂತರೆ ಹಿಂದಿನ ಸಾಲೆಲ್ಲ ನಿಲ್ಲಬೇಕು. ಅರ್ಧ ಗಂಟೆಯೊಳಗೆ ಜನ ಇಳಿಸಿ, ಹತ್ತಿಸಿ ಮತ್ತೆ ಹಾರಿದರೇ ಅಗ್ಗದ ವಿಮಾನಕ್ಕೆ ಲಾಭ. ತಾನೇ ಇಟ್ಟ ಶುಲ್ಕ ತನ್ನ ಗಡಿಯಾರಕ್ಕೇ ಅಡ್ಡ ಬರುವ ವಿಚಿತ್ರ ಇದು.

ಅಮೆರಿಕದಲ್ಲಿ ಈ ಆಟ ಮೊದಲೇ ನಡೆದಿದೆ. 2008ರಲ್ಲಿ ಕಚ್ಚಾತೈಲದ ಬೆಲೆ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿದ ವರ್ಷ ಅಮೆರಿಕನ್ ಏರ್‌ಲೈನ್ಸ್ ಮೊದಲ ಚೀಲಕ್ಕೇ 15 ಡಾಲರ್ ಶುಲ್ಕ ಹಾಕಿತು. ಉಳಿದ ದೊಡ್ಡ ಕಂಪನಿಗಳು ಹೆಚ್ಚುಕಡಿಮೆ ಎಲ್ಲವೂ ಹಿಂಬಾಲಿಸಿದವು. ಎಣ್ಣೆಯ ಬೆಲೆ ಇಳಿಯಿತು, ಶುಲ್ಕ ಇಳಿಯಲಿಲ್ಲ. ‘ಚೀಲ ಉಚಿತ’ ಎಂದೇ ಹೆಸರು ಮಾಡಿದ್ದ ಸೌತ್‌ವೆಸ್ಟ್ ಕಂಪನಿ ಕೂಡ 2025ರ ಮೇ ತಿಂಗಳಲ್ಲಿ ಆ ಪದ್ಧತಿ ಕೈಬಿಟ್ಟಿತು. ಅದೇ 2008ರ ಆಗಸ್ಟ್‌ನಲ್ಲಿ ಯುಎಸ್ ಏರ್‌ವೇಸ್ ಕಾಫಿಗೆ 1 ಡಾಲರ್, ತಂಪು ಪಾನೀಯ ಮತ್ತು ನೀರಿನ ಬಾಟಲಿಗೆ 2 ಡಾಲರ್ ಎಂದು ದರ ಕಟ್ಟಿತು. ಉಳಿದ ದೊಡ್ಡ ಕಂಪನಿಗಳು ಮಾತ್ರ ಇದರಲ್ಲಿ ಹಿಂಬಾಲಿಸಲಿಲ್ಲ. ನೀರಿಗೂ ದುಡ್ಡು ಕೇಳುವ ವಿಮಾನ ಎಂಬ ಹೆಸರು ಒಬ್ಬರಿಗೇ ಬಂತು. 2009ರ ಮಾರ್ಚ್‌ನಲ್ಲಿ ಸದ್ದಿಲ್ಲದೆ ವಾಪಸು ಪಡೆದರು. ಪಕ್ಕದ ಅಂಗಡಿಯವನು ಪುಕ್ಕಟೆ ಕೊಡುತ್ತಿದ್ದರೆ ಮಾತ್ರ ಈ ಅಂಗಡಿಯವನ ದರ ಇಳಿಯುತ್ತದೆ. ನಮ್ಮಲ್ಲಿ ಪಕ್ಕದ ಅಂಗಡಿಗಳೇ ಒಂದೊಂದಾಗಿ ಮುಚ್ಚುತ್ತಿವೆ: 2012ರಲ್ಲಿ ಕಿಂಗ್‌ಫಿಷರ್, 2019ರಲ್ಲಿ ಜೆಟ್ ಏರ್‌ವೇಸ್, 2023ರಲ್ಲಿ ಗೋ ಫಸ್ಟ್.

ನಿಲ್ದಾಣದೊಳಗಿನ ಬೆಲೆಗೆ ಮಾತ್ರ ಒಂದಿಷ್ಟು ಮದ್ದು ಸಿಕ್ಕಿದೆ. ಆಂಧ್ರದವರೇ ಆದ ಕೇಂದ್ರ ವಿಮಾನಯಾನ ಸಚಿವ ರಾಮ್‌ಮೋಹನ್ ನಾಯ್ಡು 2024ರ ಡಿಸೆಂಬರ್‌ನಲ್ಲಿ ಕೋಲ್ಕತ್ತ ನಿಲ್ದಾಣದಲ್ಲಿ ‘ಉಡಾನ್ ಯಾತ್ರಿ ಕೆಫೆ’ ತೆರೆದರು: ಚಹಾ 10 ರೂ., ನೀರಿನ ಬಾಟಲಿ 10 ರೂ., ಸಮೋಸ 20 ರೂ. 2025ರ ಫೆಬ್ರುವರಿಯಲ್ಲಿ ಚೆನ್ನೈನಲ್ಲೂ ಬಂತು. ಇವೆರಡೂ ಕೇಂದ್ರದ ವಿಮಾನ ನಿಲ್ದಾಣ ಪ್ರಾಧಿಕಾರ ನಡೆಸುವ ನಿಲ್ದಾಣಗಳು. ಬೆಂಗಳೂರಿನದನ್ನು ನಡೆಸುವುದು ಬಿಐಎಎಲ್ ಎಂಬ ಬೇರೆ ಕಂಪನಿ.

ಕೇಳಿದರೆ ಸಿಗುವಂಥವು

ಶುಲ್ಕಗಳ ಈ ಕಾಡಿನಲ್ಲೂ ಪ್ರಯಾಣಿಕರ ಪರವಾಗಿರುವ ಕೆಲವು ನಿಯಮಗಳುಂಟು. ನಿಲ್ದಾಣದ ಕೌಂಟರಿನಲ್ಲಿ ಬೋರ್ಡಿಂಗ್ ಪಾಸ್ ಕೊಡಲು 200 ರೂ. ಕೇಳುತ್ತಿದ್ದ ಪರಿಪಾಠ ನಿಲ್ಲಿಸುವಂತೆ ಸಚಿವಾಲಯ 2022ರ ಜುಲೈನಲ್ಲಿ ಸೂಚಿಸಿದೆ. ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರಿಗೆ ಇದು ದೊಡ್ಡ ಅನುಕೂಲ. ಒಂದೇ ಬುಕಿಂಗ್‌ನಲ್ಲಿದ್ದರೂ ತಾಯಿ ಒಂದು ಕಡೆ, ಮಗು ಒಂದು ಕಡೆ ಕೂರಿಸಿ, ಜತೆಗೆ ಕೂರಬೇಕಾದರೆ ದುಡ್ಡು ಕೊಡಿ ಎನ್ನುವುದಕ್ಕೂ ಕಡಿವಾಣ ಬಿದ್ದಿದೆ: 12 ವರ್ಷದೊಳಗಿನ ಮಕ್ಕಳಿಗೆ ತಂದೆ ಅಥವಾ ತಾಯಿಯ ಪಕ್ಕದಲ್ಲೇ ಸೀಟು ಕೊಡಬೇಕೆಂದು ಡಿಜಿಸಿಎ 2024ರ ಏಪ್ರಿಲ್‌ನಲ್ಲಿ ಹೇಳಿದೆ. ವಿಮಾನ ತಡವಾದರೆ ತಿಂಡಿ, ಪಾನೀಯ ಉಚಿತ. ಎರಡೂವರೆ ಗಂಟೆವರೆಗಿನ ಹಾರಾಟವಾದರೆ ಎರಡು ಗಂಟೆ ತಡವಾದ ಕೂಡಲೇ ಕೇಳಬಹುದು. ಕೇಳದವರಿಗೆ ತಾವಾಗಿ ಕರೆದು ಕೊಡುತ್ತಾರೆ ಎಂದು ಕಾಯಬೇಡಿ.

ಮನೆಯಲ್ಲೇ ಮಾಡಬಹುದಾದದ್ದೂ ಇದೆ. ಚೀಲಕ್ಕೆ ಕೊಕ್ಕೆ ಹಾಕಿ ಎತ್ತಿ ತೂಗುವ ಕೈ ತಕ್ಕಡಿ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಕೌಂಟರಿನ ಒಂದು ಕೆ.ಜಿ.ಗಿಂತ ಅಗ್ಗ. ಹಲವು ಕಂಪನಿಗಳು ದೇಶದೊಳಗಿನ 15 ಕೆ.ಜಿ.ಯನ್ನು ಒಂದೇ ಚೀಲದಲ್ಲಿ ತರಲು ಹೇಳುತ್ತವೆ. ಎರಡು ಸಣ್ಣ ಮೂಟೆಗಿಂತ ಒಂದು ದೊಡ್ಡದು ಮೇಲು. ತೂಕ ಹೆಚ್ಚಿದೆ ಎಂದು ಮನೆಯಲ್ಲೇ ಗೊತ್ತಾದರೆ ಮಗನಿಗೆ ಫೋನ್ ಮಾಡಿ ಆನ್‌ಲೈನ್‌ನಲ್ಲಿ ಮುಂಚಿತವಾಗಿ ಕೊಳ್ಳಲು ಹೇಳಬಹುದು.

ಲಗೇಜಿನ ಪ್ರಶ್ನೆ ಈಗ ಮತ್ತೆ ನ್ಯಾಯಾಲಯದ ಮುಂದೆ ಬಂದಿದೆ. ಉಚಿತ ಲಗೇಜಿನ ಕಡಿತ, ಮನಬಂದಂತೆ ಏರಿಳಿಯುವ ಟಿಕೆಟ್ ದರ ಮತ್ತು ಹೆಚ್ಚುವರಿ ಶುಲ್ಕಗಳನ್ನು ಪ್ರಶ್ನಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಕೇಂದ್ರಕ್ಕೆ ನೋಟಿಸ್ ನೀಡಿತು.

ನಿಯಮ ಮೀರಿ ಹಣ ಪಡೆದರೆ ಕೇಂದ್ರದ ಏರ್‌ಸೇವಾ ಪೋರ್ಟಲ್‌ನಲ್ಲಿ ದೂರು ಕೊಡಬಹುದು, 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೂ ಕರೆ ಮಾಡಬಹುದು. ಎರಡೂ ಕಡೆ ಟಿಕೆಟ್ ವಿವರ ಕೇಳುತ್ತಾರೆ. ಕೌಂಟರಿನಲ್ಲಿ ಹಣ ಕಟ್ಟಿದ ಕೂಡಲೇ ರಸೀದಿ ಕೇಳಿ ಪಡೆದು, ಊರಿಗೆ ವಾಪಸಾಗುವವರೆಗೆ ಟಿಕೆಟ್ ಜತೆಗೇ ಇಟ್ಟುಕೊಂಡಿರಿ.